ಬೆಳಗ್ಗೆ ಸಮಾಧಿ, ಮಧ್ಯಾಹ್ನ ಜಲಪಾತ

"ಬೆಳಗ್ಗೆ ಯುದ್ಧ ಸಮಾಧಿಗಳಿಗೆ ಗೌರವ ಸಲ್ಲಿಕೆ. ಮಧ್ಯಾಹ್ನ ಜಲಪಾತ ವೀಕ್ಷಣೆ." ಪ್ರವಾಸದ ಕಂಪನಿಯವರು ಕೊಟ್ಟ ನುಣುಪು ಕಾಗದದಲ್ಲಿ ಹೀಗೆ ಅಚ್ಚಾಗಿತ್ತು. ಎರಡು ಸಾಲುಗಳ ನಡುವೆ ಒಂದು ಚಮಚದ ಚಿತ್ರ. ಅಂದರೆ ಊಟ. ಓದಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು.

"ಸತ್ತವರಿಗೊಂದು ನಮಸ್ಕಾರ ಬಿಸಾಕಿ, ಊಟ ಮಾಡಿ, ಆಮೇಲೆ ನೀರಿನ ಮುಂದೆ ಹಲ್ಲು ಕಿರಿದು ಫೋಟೋ ತೆಗೆಸ್ಕೊಳ್ಳೋದಾ? ಯಾವ ಸೀಮೆ ಮರ್ಯಾದೆನೇ ಇದು?" ಎಂದು ಮಗಳ ಮೇಲೆ ಹಾರಾಡಿದೆ. ಟಿಕೆಟ್ಟು ಮಾಡಿಸಿದವಳು ಅವಳೇ.

"ಅಪ್ಪಾ, ಬರೀ ಸಮಾಧಿ ತೋರ್ಸೋ ಪ್ರವಾಸ ಯಾವ ಕಂಪನೀನೂ ಮಾಡಲ್ಲ. ಹೇಗೂ ಅಷ್ಟು ದೂರ ಹೋಗ್ತೀರ, ನಾಲ್ಕು ಜಾಗ ನೋಡ್ಕೊಂಡು ಬನ್ನಿ. ಒಂದೇ ಏಟಿಗೆ ಎರಡು ಹಕ್ಕಿ."

"ಹಕ್ಕಿ ಹೊಡೆಯೋಕೆ ಹೋಗ್ತಿಲ್ಲ ಕಣೆ. ನಿಮ್ಮ ದೊಡ್ಡಪ್ಪನ್ನ ನೋಡೋಕೆ ಹೋಗ್ತಿರೋದು."

ಇಸ್ತ್ರಿ ಮೇಜಿನ ಹತ್ತಿರ ಗಿರಾಕಿಗಳ ಅಂಗಿ ಮಡಿಸುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆ ಹೇಳಿದಳು. "ಇರ್ಲಿ ಬಿಡೋ. ನನಗೂ ಆ ಊರುಗಳನ್ನ ನೋಡ್ಬೇಕು. ಸಂತೆ, ಚೌಕ, ಜನ ಓಡಾಡೋ ಜಾಗ ಎಲ್ಲ ನೋಡ್ಬೇಕು."

ಗಂಡನಿಗೆ 'ಬಿಡೋ' ಅನ್ನುತ್ತಾಳಲ್ಲ ಎಂದು ನೀವು ಹುಬ್ಬೇರಿಸಬೇಡಿ. ಅವಳು ಮೊದಲು ನನ್ನ ಅತ್ತಿಗೆ. ಅಣ್ಣನ ಹೆಂಡತಿಯಾಗಿ ನಮ್ಮ ಮನೆಗೆ ಬಂದಾಗ ನಾನು ಅವಳಿಗಿಂತ ಒಂದು ವರ್ಷ ಚಿಕ್ಕ ಮೈದುನ, ಬಾಯಿ ತುಂಬ ದಾರದ ತುಂಡು ಕಚ್ಚಿಕೊಂಡು ಓಡಾಡುತ್ತಿದ್ದವನು. ಆಗ ಹತ್ತಿದ 'ಹೋಗೋ ಬಾರೋ' ಮದುವೆಯಾದ ಮೇಲೂ ಬಿಡಲಿಲ್ಲ. ಅಣ್ಣನನ್ನು ಮಾತ್ರ ಇವತ್ತಿಗೂ 'ಅವರು' ಅನ್ನುತ್ತಾಳೆ. ಇಲ್ಲದವನಿಗೆ ಬಹುವಚನ, ಎದುರಿಗೆ ಕೂತು ಉಣ್ಣುವವನಿಗೆ ಏಕವಚನ. ಯಾರ ಹತ್ತಿರ ಹೋಗಿ ದೂರು ಕೊಡಲಿ?

ನಾವು ತಲೆಮಾರಿನಿಂದ ದರ್ಜಿಗಳು. ಕೆಳಗೆ ಅಂಗಡಿ, ಮೇಲೆ ಮನೆ. ಅಣ್ಣ ಬಟ್ಟೆ ಕತ್ತರಿಸಿದರೆ ನಾನು ಯಂತ್ರ ತುಳಿದು ಹೊಲಿಯುತ್ತಿದ್ದೆ. ಯುದ್ಧ ಬಂದಾಗ ಮನೆಗೊಬ್ಬ ಗಂಡಸು ಸೈನ್ಯಕ್ಕೆ ಬರಬೇಕೆಂದರು. ಅಣ್ಣನಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ, ನಾನು ಹೋಗುತ್ತೇನೆ ಎಂದೆ. "ನಿನ್ನ ಕಾಲು ಯಂತ್ರ ತುಳಿಯೋಕೆ ಲಾಯಕ್ಕು, ಕವಾಯತಿಗಲ್ಲ" ಎಂದು ಎಲ್ಲರನ್ನೂ ನಗಿಸಿ ಅವನೇ ಹೊರಟ. ಸಮುದ್ರದಾಚೆಯ ಯಾವುದೋ ದೇಶ, ಯಾರದೋ ಜಗಳ. ಕೆಲವೇ ತಿಂಗಳಲ್ಲಿ ಸುದ್ದಿ ಬಂತು. ಸತ್ತನೆಂದು ಬರಲಿಲ್ಲ, 'ನದಿ ದಾಟುವಾಗ ಕಾಣೆಯಾಗಿದ್ದಾರೆ' ಎಂದು ಬಂತು. ಸತ್ತನೆಂದಿದ್ದರೆ ಎದೆ ಬಡಿದುಕೊಂಡು ಅತ್ತು ಮುಗಿಸುತ್ತಿದ್ದೆವು. ಕಾಣೆಯಾದವನಿಗೆ ಅಳುವುದು ಹೇಗೆ? ನಾಳೆ ಬಂದು ಬಾಗಿಲು ತಟ್ಟಿದರೆ?

ಏಳೆಂಟು ವರ್ಷ ಅತ್ತಿಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ತವರಿಗೆ ಬಾ ಎಂದರೆ ಹೋಗಲಿಲ್ಲ. "ಬಂದ್ರೆ ಇಲ್ಲಿಗೇ ತಾನೆ ಬರೋದು" ಎಂದಳು. ಕೊನೆಗೆ ನಮ್ಮಮ್ಮ ಹಾಸಿಗೆ ಹಿಡಿದಾಗ ನಮ್ಮಿಬ್ಬರನ್ನೂ ಮಂಚದ ಆಚೆ ಈಚೆ ನಿಲ್ಲಿಸಿಕೊಂಡು, "ಎಷ್ಟು ದಿನ ಅಂತ ಹೀಗೆ ಇರ್ತೀರ? ಒಬ್ಬರಿಗೊಬ್ಬರು ಆಗಿ" ಎಂದಳು. ಆದೆವು. ಅದು ಪ್ರೀತಿಯೋ ಅಮ್ಮನ ಮಾತೋ ಆಗ ನನಗೆ ತಿಳಿದಿರಲಿಲ್ಲ. ಈಗ ತಿಳಿದಿದೆ. ಈ ಹೆಂಗಸು ಪಕ್ಕದ ಕೋಣೆಯಲ್ಲಿ ಓಡಾಡುವ ಸದ್ದು ಕೇಳದಿದ್ದರೆ ನನಗೆ ಸೂಜಿಗೆ ದಾರ ಪೋಣಿಸಲೂ ಕೈ ಬಾರದು.

ಆದರೆ 'ಅವರು ಸತ್ತರು' ಎಂಬ ಮಾತು ಅವಳ ಬಾಯಿಂದ ಒಮ್ಮೆಯೂ ಬಂದಿಲ್ಲ. ಬೇರೆಯವರು ಅಂದರೆ ಎದ್ದು ಹೋಗುತ್ತಾಳೆ. ಅಂಗಡಿಗೆ ಬಂದವರು "ನಿಮ್ಮ ಯಜಮಾನರು ಎಲ್ಲಿ?" ಎಂದು ಕೇಳಿದರೆ ಅರೆಗಳಿಗೆ ತಡೆದು ಉತ್ತರಿಸುತ್ತಾಳೆ. ಆ ಅರೆಗಳಿಗೆಯಲ್ಲಿ ನಾನು ಸತ್ತು ಹುಟ್ಟುತ್ತೇನೆ. ನನ್ನ ಮನೆಯಲ್ಲಿ ನಾನೇ ಬದಲಿ ಆಳು. ಅಸಲು ಯಜಮಾನ ರಜೆಯ ಮೇಲಿದ್ದಾನೆ, ಯಾವತ್ತು ಬಂದಾನೋ ಗೊತ್ತಿಲ್ಲ.

ಅದಕ್ಕೇ ಈ ಪ್ರವಾಸ. ಒಂದು ಕಲ್ಲನ್ನು ಕಣ್ಣಾರೆ ಕಂಡು, ಒಮ್ಮೆ ಮನಸಾರೆ ಅತ್ತರೆ ಅವಳು ಕಾಯುವುದನ್ನು ಬಿಡಬಹುದು. ತಲೆ ನೆರೆತ ಮೇಲಾದರೂ ನಾನು ನನ್ನ ಹೆಂಡತಿಗೆ ಪೂರಾ ಗಂಡನಾಗಬಹುದು. ನನಗೆ ಬೇಕಿದ್ದದ್ದು ಇಷ್ಟೇ. ಅಣ್ಣನಿಗೆ ಗೌರವ ಅದು ಇದು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ಬರೀ ಬಾಯಿಮಾತು.

ಪ್ರವಾಸದ ಬಸ್ಸಿನಲ್ಲಿ ಅರ್ಧ ನಮ್ಮಂಥವರು, ಯುದ್ಧದಲ್ಲಿ ಯಾರನ್ನೋ ಕಳೆದುಕೊಂಡವರು. ಉಳಿದರ್ಧ ಸುಮ್ಮನೆ ದೇಶ ನೋಡಲು ಬಂದವರು. ಯಾರು ಯಾರೆಂದು ಮೊದಲ ದಿನವೇ ತಿಳಿದುಹೋಯಿತು. ಕಿಟಕಿ ಪಕ್ಕದ ಸೀಟಿಗೆ ಜಗಳ ಆಡಿದವರೆಲ್ಲ ದೇಶ ನೋಡಲು ಬಂದವರು. ನಮ್ಮನ್ನು ಕರೆದೊಯ್ಯುತ್ತಿದ್ದವಳು ಒಬ್ಬ ನಡುವಯಸ್ಸಿನ ಹೆಂಗಸು. ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಆದರೂ ಹಳದಿ ಕೊಡೆ ಬಿಚ್ಚಿ ತಲೆಯ ಮೇಲೆ ಎತ್ತಿ ಹಿಡಿದು ಮುಂದೆ ನಡೆಯುತ್ತಿದ್ದಳು, ಗುಂಪಿನಲ್ಲಿ ನಾವು ತಪ್ಪಿಹೋಗದಿರಲಿ ಎಂದು. ಅವಳಿಗೆ ಎಲ್ಲರೂ ಸೇರಿ ಕೊಡೆಯಮ್ಮ ಎಂದು ಹೆಸರಿಟ್ಟೆವು.

ಮೊದಲ ಕೆಲವು ದಿನ ಊರು ತೋರಿಸಿದರು. ನಾನು ಮುಖ ಗಂಟು ಹಾಕಿಕೊಂಡೇ ಇಳಿದೆ. ಆದರೆ ನನ್ನ ಹೆಂಡತಿ ನೋಡಿ! ಮನೆಯಲ್ಲಿ ಮೂಲೆಯ ಅಂಗಡಿಗೆ ಹೋಗಲೂ ಮಂಡಿನೋವು ಎನ್ನುವವಳು ಇಲ್ಲಿ ಕೊಡೆಯಮ್ಮನ ಹಿಂದೆಯೇ ಸರಸರ ನಡೆದಳು. ಗಡಿಯಾರದ ಗೋಪುರದ ಚೌಕದಲ್ಲಿ ಎಲ್ಲರೂ ಬಸ್ಸಿಗೆ ಹೊರಟರೆ, "ಇನ್ನೂ ಸ್ವಲ್ಪ ಹೊತ್ತು ಕೂತಿರೋಣ ಕಣೋ" ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸಂತೆಯ ಬೀದಿಯಲ್ಲಿ ಏನೂ ಕೊಳ್ಳದೆ ಎರಡು ಸಲ ಆ ತುದಿಯಿಂದ ಈ ತುದಿಗೆ ನಡೆದಳು. ದೋಣಿ ಹತ್ತಿದರೆ ಹೊಳೆಯ ದಡದಲ್ಲಿ ಕೂತ ಜನರನ್ನು ನೋಡುತ್ತ, "ಇಲ್ಲಿ ಜನ ವಯಸ್ಸಾದ್ರೂ ಮನೇಲಿ ಕೂರಲ್ಲ ನೋಡು" ಎಂದಳು.

ನನಗೋ ಒಳಗೊಳಗೇ ಹಿಗ್ಗು. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಎಲ್ಲಿಗೂ ಹೋಗಿರಲಿಲ್ಲ. ಯಾವ ಮುಖ ಹೊತ್ತುಕೊಂಡು ಹೋಗುವುದು? ಆಗ ಆಗದ್ದು ಈಗ ಆಗುತ್ತಿದೆ ಎಂದುಕೊಂಡೆ. ಅವಳಿಗೊಂದು ಅಗಲ ಅಂಚಿನ ಟೋಪಿ ಕೊಡಿಸಿದೆ. ಅದರ ಹೊಲಿಗೆ ನೋಡಿ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ. "ಇತ್ತ ನೋಡೇ, ಕ್ಯಾಮೆರಾ ಇತ್ತ ಇದೆ" ಎಂದು ಎಷ್ಟು ಕೂಗಿದರೂ ಎಲ್ಲ ಫೋಟೋದಲ್ಲೂ ಅವಳ ಕಣ್ಣು ಪಕ್ಕಕ್ಕೇ ಹೋಗಿರುತ್ತಿತ್ತು. ನಾಚಿಕೆ ಎಂದುಕೊಂಡೆ. ಅರವತ್ತಕ್ಕೆ ಅರಳುಮರಳು ಎನ್ನುವುದು ಸುಳ್ಳಲ್ಲ.

ಸಮಾಧಿಗೆ ಹೋದ ದಿನ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಕಿಟಕಿ ಸೀಟಿನವರೂ ಸುಮ್ಮನಿದ್ದರು. ಊರ ಹೊರಗೆ ಇಳಿಜಾರಿನಲ್ಲಿ ದೊಡ್ಡ ಹಸಿರು ಬಯಲು, ಸುತ್ತ ಗಿಡ್ಡ ಗೋಡೆ. ಒಳಗೆ ಸಾಲು ಸಾಲು ಬಿಳಿ ಕಲ್ಲು. ನಮ್ಮ ದೇಶದವರ ಭಾಗ ಹಿಂದಿನ ತುದಿಯಲ್ಲಿತ್ತು. ಸಾಲಿಗೆ ಸಾಲು, ಕಲ್ಲಿಗೆ ಕಲ್ಲು ಎಳ್ಳಷ್ಟೂ ಆಚೀಚೆ ಇಲ್ಲ. ನಮ್ಮಪ್ಪನಂಥ ದರ್ಜಿಯೂ ಅಷ್ಟು ನೇರ ಹೊಲಿಗೆ ಹಾಕಿರಲಿಕ್ಕಿಲ್ಲ.

ಕೊಡೆಯಮ್ಮ ಅವತ್ತು ಕೊಡೆ ಬಿಚ್ಚಲಿಲ್ಲ. ಕಲ್ಲಿನ ಮೇಲೆ ತಮ್ಮವರ ಹೆಸರಿದ್ದವರನ್ನು ಅವರವರ ಕಲ್ಲಿನ ಹತ್ತಿರ ಬಿಟ್ಟು ಬಂದು, ಉಳಿದ ನಮ್ಮನ್ನು ಒಂದು ಕಡೆ ನಿಲ್ಲಿಸಿಕೊಂಡು ಮೆಲ್ಲಗೆ ಹೇಳಿದಳು. "ಹಿಂದಿನ ಆರು ಸಾಲು ಹೆಸರು ಗೊತ್ತಿಲ್ಲದೋರದ್ದು. ನಿಮ್ಮೋರು ಅದರಲ್ಲಿ ಇದ್ದರೂ ಇರಬಹುದು. ಇಲ್ಲಿ ಮೊದಲಿಂದ ಬಂದಿರೋ ರೂಢಿ ಏನು ಅಂದ್ರೆ, ಮನೆಯೋರು ಯಾವುದಾದ್ರೂ ಒಂದು ಕಲ್ಲು ತಮ್ಮದು ಅಂತ ಆರಿಸ್ಕೊಂಡು ಅಲ್ಲೇ ಹೂ ಇಡ್ತಾರೆ. ಯಾರೂ ಏನೂ ಅನ್ನಲ್ಲ. ಆಮೇಲೆ ಬಂದಾಗ್ಲೆಲ್ಲ ಅದೇ ಅವರದ್ದು."

ಜನ ಚದುರಿದರು. ಒಬ್ಬ ಗಂಡಸು ಮರದ ನೆರಳಿನದ್ದನ್ನು ಹುಡುಕಿ ಕೂತ. ಅಕ್ಕತಂಗಿಯರಿಬ್ಬರು ಗೋಡೆ ಪಕ್ಕದ ಒಂದನ್ನು ತಬ್ಬಿಕೊಂಡು ಗೋಳೋ ಎಂದರು. ನನ್ನ ಹೆಂಡತಿ ಮಾತ್ರ ಹೂ ಹಿಡಿದುಕೊಂಡು ಸಾಲುಗಳ ನಡುವೆ ನಡೆಯುತ್ತಲೇ ಇದ್ದಳು. ಒಂದರ ಮುಂದೆ ನಿಲ್ಲುವಳು, ತಲೆ ಅಲ್ಲಾಡಿಸುವಳು, ಮುಂದೆ ಹೋಗುವಳು. ನಾನು ಹಿಂದೆ ಹಿಂದೆ.

"ಯಾವುದಾದ್ರೂ ಒಂದಕ್ಕೆ ಇಡು" ಎಂದೆ.

"ಬೇರೆಯವರ ಮಗನ ಮುಂದೆ ಕೂತು ಅತ್ತರೆ ಅವನ ತಾಯಿ ಏನು ಅಂದ್ಕೋತಾಳೆ?"

"ಅವನ ತಾಯಿ ಎಲ್ಲಿದ್ದಾಳೆ ಈಗ?"

"ಇವರು ಯಾರೂ ಅಲ್ಲ ಕಣೋ. ನನಗೆ ಅನ್ನಿಸ್ತಿಲ್ಲ. ಬಾ, ಹೋಗೋಣ."

ಹೋಗೋಣ! ಸಮುದ್ರ ದಾಟಿ ಬಂದದ್ದು ಇದಕ್ಕಾ? ಕೆಳಗೆ ದಾರಿಯಲ್ಲಿ ಬಸ್ಸಿನವನು ಹಾರ್ನ್ ಹೊಡೆದ. ನನಗೆ ಎಲ್ಲ ಕೈ ತಪ್ಪಿ ಹೋಗುತ್ತಿದೆ ಎನ್ನಿಸಿತು. ಇವಳು ಹೀಗೇ ಮನೆಗೆ ಬಂದು, ಹೀಗೇ ಬಾಗಿಲ ಕಡೆ ಕಿವಿ ಇಟ್ಟುಕೊಂಡು, ಹೀಗೇ ಒಂದು ದಿನ ನನ್ನನ್ನೂ ಸಾಗಹಾಕುತ್ತಾಳೆ. ಮುಂದಿನ ಸಾಲಿನ ಮೂಲೆಯ ಒಂದು ಕಲ್ಲಿನ ಮುಂದೆ ಹೋಗಿ ಗಕ್ಕನೆ ನಿಂತೆ. ಎದೆಯ ಮೇಲೆ ಕೈ ಇಟ್ಟುಕೊಂಡೆ.

"ಇದೇ" ಎಂದೆ.

"ನಿನಗೆ ಹೇಗೆ ಗೊತ್ತು?"

"ಮೈ ಜುಂ ಅಂತು. ಕಾಲು ಮುಂದಕ್ಕೆ ಬರ್ತಿಲ್ಲ. ಒಂದೇ ಹೊಟ್ಟೇಲಿ ಹುಟ್ಟಿದೋರು ನಾವು, ಗೊತ್ತಾಗಲ್ವಾ? ಇಲ್ಲೇ ಇದಾನೆ ಅತ್ತಿಗೆ."

ಮದುವೆಯಾದ ಮೇಲೆ 'ಅತ್ತಿಗೆ' ಎಂಬ ಮಾತು ನನ್ನ ಬಾಯಿಗೆ ಬಂದಿರಲಿಲ್ಲ. ಅದು ಹೇಗೋ ಜಾರಿ ಬಿತ್ತು. ಅದಕ್ಕೇ ಇರಬೇಕು, ಅವಳು ನಂಬಿದಳು. ನನ್ನ ಮುಖ ನೋಡಿದಳು, ಕಲ್ಲನ್ನು ನೋಡಿದಳು, ಮೆಲ್ಲಗೆ ಹುಲ್ಲಿನ ಮೇಲೆ ಕೂತಳು. ಮಂಡಿ ನೋಯುತ್ತದೆಂದು ಹಿಡಿದುಕೊಳ್ಳಲು ಹೋದರೆ ಕೈ ಕೊಡವಿದಳು. ಟೋಪಿ ತೆಗೆದು ಪಕ್ಕಕ್ಕಿಟ್ಟು ಕಲ್ಲಿನ ಮೇಲೆ ಅಂಗೈ ಇಟ್ಟಳು. ಮೂಲೆಯ ಮಣ್ಣನ್ನು ಉಗುರಿನಿಂದ ಕೆರೆದು ತೆಗೆದಳು.

ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು ಬೇರೆ ಕಡೆ ತಿರುಗಿ ನಿಂತೆ. ಅವಳು ಏನೋ ಮಾತಾಡುತ್ತಿದ್ದಳು. ಗಂಡನ ಹತ್ತಿರ ಹೆಂಡತಿ ದಿನದ ಕೊನೆಗೆ ಆಡುವ ಹಾಗೆ ಸಣ್ಣ ದನಿಯಲ್ಲಿ, ನಿಲ್ಲಿಸದೆ. ನನ್ನ ಹತ್ತಿರ ಅವಳು ಹಾಗೆ ಮಾತಾಡಿದ್ದು ನನಗೆ ನೆನಪಿಲ್ಲ. ಹೊಟ್ಟೆಕಿಚ್ಚಾಯಿತು. ಆದರೂ ಆಡಲಿ, ಆಡಿ ಮುಗಿಸಲಿ ಎಂದುಕೊಂಡೆ. ಇನ್ನೇನು ಅಳುತ್ತಾಳೆ, ಅತ್ತ ಮೇಲೆ ಎಲ್ಲ ಸರಿಹೋಗುತ್ತದೆ.

ಆಗ ಬಂದಳು ಆ ಅಜ್ಜಿ. ಬೇರೆ ಬಸ್ಸಿನಲ್ಲಿ ಬಂದವಳು. ನಮ್ಮ ದೇಶದವಳೇ, ನಮ್ಮ ಮಾತೇ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಮಡಿಚುವ ಸ್ಟೂಲು. ಬಾಗಿದ ಬೆನ್ನಿನಲ್ಲೇ ದಾರಿ ಗೊತ್ತಿದ್ದವಳ ಹಾಗೆ ನೆಟ್ಟಗೆ ಬಂದು, ನನ್ನ ಹೆಂಡತಿಯ ಪಕ್ಕದಲ್ಲಿ ಸ್ಟೂಲು ಬಿಚ್ಚಿಟ್ಟು ಉಸಿರು ಬಿಟ್ಟಳು.

"ಸ್ವಲ್ಪ ಆಚೆ ಸರಿಯಮ್ಮ. ಅದು ನನ್ನ ಮಗ."

"ರೀ ಅಜ್ಜಿ, ನಿಮ್ಮ ಮಗ ಅಂತ ಎಲ್ಲಿ ಬರೆದಿದೆ?" ಎಂದು ಮೇಲೆ ಬಿದ್ದೆ.

"ಎಲ್ಲೂ ಬರೆದಿಲ್ಲಪ್ಪ. ನಿಮ್ಮೋರು ಅಂತ ಎಲ್ಲಿ ಬರೆದಿದೆ?"

"ನನ್ನ ಅಣ್ಣ ಇವನು! ನನಗೆ ಗೊತ್ತಾಯ್ತು!"

ಅಜ್ಜಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೂ ಜಗಳಕ್ಕೆ ಹಿಡಿತ ಸಿಗುತ್ತಿತ್ತು. "ನಾನು ಮೊದಲನೇ ಸಲ ಬಂದಾಗ ಈ ಕಲ್ಲಿನ ಮೇಲೆ ಹಕ್ಕಿ ಹಿಕ್ಕೆ ಹಾಕಿತ್ತು. ಉಳಿದಿದ್ದೆಲ್ಲ ಚೊಕ್ಕವಾಗಿದ್ವು, ಇದೊಂದನ್ನ ಯಾರೂ ಒರೆಸಿರಲಿಲ್ಲ. ನಾನು ಕರ್ಚೀಫಲ್ಲಿ ಒರೆಸಿದೆ. ಒರೆಸಿದ ಮೇಲೆ ನನ್ನ ಮಗ ಆದ. ಅಷ್ಟೇ ಕಣಪ್ಪ. ಮೈ ಜುಂ ಅನ್ನೋದು ಗಿಂ ಅನ್ನೋದು ನನಗೆ ಏನೂ ಆಗಲಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಮುಖ ಹಾಗಾಗಿರಬೇಕು. ನನ್ನ ಹೆಂಡತಿ ಕುಳಿತಲ್ಲಿಂದಲೇ ತಲೆ ಎತ್ತಿದಳು.

"ನಿಜವಾಗ್ಲೂ ಮೈ ಜುಂ ಅಂತಾ?"

ನಾನು ಬಗ್ಗಿ ಅವಳ ಟೋಪಿ ಎತ್ತಿಕೊಂಡು ಅಂಚಿನ ಹೊಲಿಗೆ ನೋಡತೊಡಗಿದೆ.

"ನಮ್ಮ ಹುಡುಗಿ ಮೇಲೆ ಆಣೆ ಮಾಡಿ ಹೇಳು."

"ಇಲ್ಲ" ಎಂದೆ. "ಯಾವುದೋ ಒಂದು ಕಲ್ಲು. ನೀನು ಅತ್ತು ಹಗುರ ಆಗ್ಲಿ ಅಂತ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಉದ್ದನೆಯ ಉಸಿರು ಬಿಟ್ಟಳು. ಆ ಉಸಿರಿನಲ್ಲಿ ಬೇಸರವಿರಲಿಲ್ಲ. ತಪ್ಪಿಹೋದ ಮಗು ಸಿಕ್ಕಿದಾಗ ತಾಯಿ ಬಿಡುತ್ತಾಳಲ್ಲ, ಅಂಥದ್ದು. "ಅಂದ್ರೆ ಅವರಲ್ಲ" ಎಂದಳು. ಮುಖದಲ್ಲಿ ನಗು ಕೂಡ ಬಂತು. ಹೂವನ್ನು ಅಜ್ಜಿಯ ಕೈಗೆ ಕೊಟ್ಟು, "ನಿಮ್ಮ ಮಗನಿಗೇ ಇಡಿ ಅಮ್ಮ. ತಪ್ಪು ತಿಳ್ಕೋಬೇಡಿ, ಏನೇನೋ ಮಾತಾಡಿಬಿಟ್ಟೆ ಅವನ ಹತ್ರ" ಎಂದಳು.

"ಮಾತಾಡಿದ್ರೆ ಏನಂತೆ? ಅವನಿಗೂ ನನ್ನ ಒಬ್ಬಳದ್ದೇ ಕೇಳಿ ಕೇಳಿ ಸಾಕಾಗಿರುತ್ತೆ" ಎಂದಳು ಅಜ್ಜಿ. "ನಿನ್ನೋರಿಗೂ ಒಂದು ಆರಿಸ್ಕೊಳ್ಳಮ್ಮ. ಬೇಕಾದಷ್ಟಿವೆ."

"ನಮಗೆ ಬೇಡ ಅಮ್ಮ. ನಮ್ಮೋರು ಇಲ್ಲಿಲ್ಲ" ಎಂದು ನನ್ನ ಹೆಂಡತಿ ಹುಲ್ಲು ಕೊಡವಿಕೊಂಡು ಎದ್ದಳು.

ಊಟಕ್ಕೆ ನಿಲ್ಲಿಸಿದಲ್ಲಿ ನಾನು ಒಂದು ತುತ್ತೂ ಮುಟ್ಟಲಿಲ್ಲ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವಲ್ಲ ಎಂದು ತಟ್ಟೆ ನೋಡುತ್ತ ಕೂತಿದ್ದೆ. ಅವಳು ತನ್ನದನ್ನು ಉಂಡು, ನನ್ನ ತಟ್ಟೆಯ ಬ್ರೆಡ್ಡನ್ನೂ ಎತ್ತಿಕೊಂಡಳು. "ಯಾಕೋ ಮುಖ ಸಪ್ಪೆ ಮಾಡ್ಕೊಂಡಿದೀಯ? ಜಲಪಾತ ನೋಡೋದಿದೆ, ಏಳು" ಎಂದಳು. ಬೆಳಗ್ಗೆ ಸಮಾಧಿಗೆ ಹೋಗಿ ಬಂದವಳ ದನಿಯಲ್ಲ ಅದು.

ಜಲಪಾತ ದೊಡ್ಡದು. ಇಲ್ಲ ಎನ್ನಲಾರೆ. ಕಬ್ಬಿಣದ ಕಟಕಟೆಯ ಉದ್ದಕ್ಕೂ ಜನ ಒತ್ತೊತ್ತಾಗಿ ನಿಂತು ಬಾಯಿ ತೆರೆದು ನೋಡುತ್ತಿದ್ದರು. ತುಂತುರು ಮುಖಕ್ಕೆ ಹೊಡೆದರೆ ಓ ಎಂದು ಕಿರುಚುತ್ತಿದ್ದರು. ಹಿಂದೆ ಪ್ಲಾಸ್ಟಿಕ್ ರೇನ್‌ಕೋಟ್ ಮಾರುವ ಅಂಗಡಿಗಳು, ಕಾಫಿಯ ಗಾಡಿ, ಕಲ್ಲಿನ ಬೆಂಚುಗಳು, ಬೆಂಚಿನ ಮೇಲೆ ಆ ಊರಿನ ಮುದುಕರು. ಕೊಡೆಯಮ್ಮ ಕೊಡೆ ಬಿಚ್ಚಿ, ಈ ನೀರು ಎಲ್ಲಿ ಹುಟ್ಟುತ್ತದೆ, ಮುಂದೆ ಯಾವ ನದಿಗೆ ಸೇರುತ್ತದೆ ಎಂದು ಹೇಳುತ್ತಿದ್ದಳು. ಆ ನದಿಯ ಹೆಸರು ಕೇಳಿ ನನಗೆ ಮೈ ಉರಿಯಿತು. ಅಣ್ಣ ದಾಟಲು ಹೋದದ್ದು ಅದನ್ನೇ. ನೋಡುವುದೇ ಬೇಡ ಎಂದು ತಿರುಗಿದೆ.

ತಿರುಗಿದವನಿಗೆ ನನ್ನ ಹೆಂಡತಿ ಕಂಡಳು. ಅಷ್ಟು ಜನರಲ್ಲಿ ಅವಳೊಬ್ಬಳೇ ನೀರಿಗೆ ಬೆನ್ನು ಮಾಡಿ ನಿಂತಿದ್ದಳು.

ಅವಳ ಕಣ್ಣು ರೇನ್‌ಕೋಟ್ ಮಾರುವವನ ಮೇಲಿತ್ತು. ಎಪ್ಪತ್ತರ ಹತ್ತಿರದವನು. ಅವನ ಕಿವಿ ನೋಡಿದಳು, ಕತ್ತು ನೋಡಿದಳು, ಬಿಟ್ಟಳು. ಆಮೇಲೆ ಕಸ ಗುಡಿಸುವವನು. ಅವನು ಬಗ್ಗಿದವನು ಏಳುವ ತನಕ ಕಾದಳು. ಎದ್ದ, ನೋಡಿದಳು, ಬಿಟ್ಟಳು. ಆಮೇಲೆ ಬೆಂಚಿನ ಮೇಲಿನವರು, ಒಬ್ಬೊಬ್ಬರಾಗಿ. ನಾನು ಗುಂಡಿ ಡಬ್ಬಿಯಲ್ಲಿ ಜೊತೆ ಹುಡುಕುವುದು ಹೀಗೆಯೇ. ನನಗೆ ಆಗ ಎಲ್ಲ ಹೊಳೆಯಿತು. ಚೌಕ, ಸಂತೆ, ದೋಣಿ, ಪಕ್ಕಕ್ಕೆ ಹೋದ ಕಣ್ಣು. ನನ್ನ ಜೊತೆ ಊರು ನೋಡಲು ಅವಳು ಬಂದೇ ಇರಲಿಲ್ಲ.

ಕೈ ಹಿಡಿದು ಎಳೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದೆ. ನೀರಿನ ಸದ್ದಿಗೆ ಕೂಗಿಯೇ ಮಾತಾಡಬೇಕಿತ್ತು. ಕೂಗಿದೆ.

"ಅವನನ್ನ ಹುಡುಕೋಕೆ ಬಂದೆಯಾ?"

ಅವಳು ಸುಳ್ಳು ಹೇಳುವವಳಲ್ಲ. "ಹೂಂ. ಯಾರೋ ಹೇಳಿದ್ರಂತೆ, ಪೆಟ್ಟು ಬಿದ್ದು ಹಿಂದಿಂದು ಮರೆತೋರು ಇಲ್ಲೇ ಉಳಿದುಬಿಟ್ಟಿದಾರೆ ಅಂತ. ಬಟ್ಟೆ ಹೊಲಿಯೋ ಕೈ, ಎಲ್ಲಾದ್ರೂ ಹೊಟ್ಟೆ ಹೊರ್ಕೊಂಡಿರ್ತಾರೆ."

"ಕಂಡ್ರೂ ಗುರುತು ಹತ್ತುತ್ತಾ ನಿನಗೆ? ನೀನು ನೋಡಿದ್ದು ಇಪ್ಪತ್ತಾರರ ಹುಡುಗನ್ನ. ಈಗ ಹೇಗಿರ್ತಾನೆ ಅಂತ ನಿನಗೇನು ಗೊತ್ತು?"

"ಗೊತ್ತಿದೆ" ಎಂದಳು. "ದಿನಾ ನೋಡ್ತೀನಲ್ಲ."

"ಏನು?"

"ನಿನ್ನನ್ನ. ನೀವಿಬ್ಬರೂ ಒಂದೇ ಎರಕ. ನಿನಗೆ ಕಿವಿ ಹತ್ರ ನರೆ ಬಂದಾಗ, ಅವರಿಗೆ ನಾಲ್ಕು ವರ್ಷ ಮುಂಚೆ ಬಂದಿರುತ್ತೆ ಅಂದ್ಕೊಂಡೆ. ನಿನ್ನ ಮುಂದಿನ ಹಲ್ಲು ಬಿದ್ದಾಗ ಅವರದ್ದೂ ಬಿದ್ದಿರುತ್ತೆ ಅಂದ್ಕೊಂಡೆ. ನಿನ್ನ ಮುಖ ನೋಡ್ಕೊಂಡೇ ಅವರನ್ನ ಮುದುಕರನ್ನ ಮಾ­ಡ್ಕೊಂಡು ಬಂದಿದೀನಿ ಕಣೋ."

ಎಷ್ಟೋ ಬೆಳಗ್ಗೆ ಕಾಫಿ ಲೋಟ ಕೈಗೆ ಕೊಟ್ಟು ಇವಳು ನನ್ನ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದಳು. ಪ್ರೀತಿ ಎಂದುಕೊಂಡು ನಾನು ಮೀಸೆ ತಿರುವುತ್ತಿದ್ದೆ.

"ಹಾಗಾದ್ರೆ ನಾನು ಯಾರು? ಕನ್ನಡಿಯಾ?" ಎಂದು ಅರಚಿದೆ. ಅಕ್ಕಪಕ್ಕದ ಬೆಂಚಿನವರು ತಿರುಗಿ ನೋಡಿದರು. "ಇಷ್ಟು ವರ್ಷ ನಿನ್ನ ಜೊತೆ ಬಾಳಿದೋನು ಯಾರು? ಸಿಕ್ಕಿದ್ರೆ ಏನ್ ಮಾಡ್ತಿದ್ದೆ ಹೇಳು. ಇವತ್ತು, ಈಗ, ಇಲ್ಲೇ ಸಿಕ್ಕಿದ್ರೆ ಏನ್ ಮಾಡ್ತಿದ್ದೆ?"

ಅವಳ ಕಣ್ಣು ತುಂಬಿತು. "ಊಟ ಆಯ್ತಾ ಅಂತ ಕೇಳ್ತಿದ್ದೆ."

"ಆಮೇಲೆ?"

"ಆಮೇಲೆ ಏನು? ನಿನ್ನ ಜೊತೆ ಬಸ್ ಹತ್ತುತ್ತಿದ್ದೆ. ನನ್ನ ಮನೆ ನಿನ್ನ ಹತ್ರ ಇದೆಯಲ್ಲ." ಮೂಗು ಒರೆಸಿಕೊಂಡಳು. "ಉಂಡು ತಿಂದು ಚೆನ್ನಾಗಿದಾರೆ ಅಂತ ಗೊತ್ತಾದ್ರೆ ಸಾಕಿತ್ತು. ಅವರು ಎಲ್ಲೋ ಹಸ್ಕೊಂಡಿರುವಾಗ ನಾನು ಇಲ್ಲಿ ನಿನ್ನ ಜೊತೆ ಸುಖವಾಗಿ ಇದೀನಿ ಅನ್ನೋದೊಂದು ಎದೇಲಿ ಕೂತಿದೆ. ಅದೊಂದು ಇಳಿದ್ರೆ ಸಾಕಿತ್ತು."

ಯೌವನದಿಂದ ನಾನು ಕೇಳಲು ಕಾದದ್ದು ಇದೇ ಮಾತು. ನಿನ್ನ ಜೊತೆ ಸುಖವಾಗಿದ್ದೇನೆ, ನಿನ್ನ ಜೊತೆ ಬರುತ್ತೇನೆ. ಕೇಳಿ ಹಿಗ್ಗಬೇಕಿತ್ತು. ಆದರೆ ನನ್ನ ಕಣ್ಣಿಗೆ ಬೇರೆಯೇ ಕಂಡಿತು. ನಾವಿಬ್ಬರೂ ಬಸ್ಸು ಹತ್ತಿದ್ದೇವೆ, ಬಸ್ಸು ಹೊರಟಿದೆ, ಕೆಳಗೆ ಅಣ್ಣ ಒಬ್ಬನೇ ನಿಂತಿದ್ದಾನೆ. ನನಗೆ ಸೂಜಿ ಹಿಡಿಯಲು ಕಲಿಸಿದವನು. ಬೆರಳಿಗೆ ಚುಚ್ಚಿಕೊಂಡರೆ ತನ್ನ ಬಾಯಲ್ಲಿಟ್ಟು ರಕ್ತ ಚೀಪುತ್ತಿದ್ದವನು. ನನ್ನ ಬದಲಿಗೆ ಹೋದವನು. ಅವನ ಮೇಲೆ ಹೊಟ್ಟೆಕಿಚ್ಚು ಪಡುತ್ತ ಪಡುತ್ತ ಅವನು ನನ್ನ ಅಣ್ಣ ಎಂಬುದನ್ನೇ ಮರೆತಿದ್ದೆ. ಅವನನ್ನು ಅಲ್ಲಿ ಬಿಟ್ಟು ನಾನು ಹೇಗೆ ಬಸ್ಸು ಹತ್ತಲಿ?

ದರ್ಜಿಯ ಕಣ್ಣು ಮುಖಕ್ಕಿಂತ ಮೊದಲು ಬೆನ್ನು ನೋಡುತ್ತದೆ. ಭುಜದ ಇಳಿಜಾರು ಎಷ್ಟು, ಎಡ ಎಷ್ಟು, ಬಲ ಎಷ್ಟು ಎಂದು. ನೀರಿಗೆ ಮುಖ ಮಾಡಿದ ಜನರ ಬೆನ್ನುಗಳ ಮೇಲೆ ನನ್ನ ಕಣ್ಣು ಸುಮ್ಮನೆ ಓಡುತ್ತಿತ್ತು. ಆಗ ಕಟಕಟೆಯಿಂದ ಒಬ್ಬ ಮುದುಕ ಬೇರ್ಪಟ್ಟು ಮೆಟ್ಟಿಲ ಕಡೆ ನಡೆದ. ಬಲಭುಜ ಒಂದು ಅಂಗುಲ ಕೆಳಗೆ. ತಲೆ ಎಡಕ್ಕೆ ವಾಲಿದೆ. ಮೇಜಿನ ಮೇಲೆ ಬಗ್ಗಿ ದೊಡ್ಡ ಕತ್ತರಿ ಆಡಿಸಿದವನ ಮೈ ಮಾತ್ರ ಹಾಗಾಗುತ್ತದೆ. ಆ ಬೆನ್ನಿಗೆ ನಾನು ಎಷ್ಟು ಅಂಗಿ ಹೊಲಿದಿಲ್ಲ!

ಯಾವಾಗ ಎದ್ದೆನೋ ಗೊತ್ತಿಲ್ಲ. ಒದ್ದೆ ಕಲ್ಲಿನ ಮೇಲೆ ಓಡಿದೆ. ಯಾರನ್ನೋ ತಳ್ಳಿದೆ, ಯಾರದೋ ಕಾಫಿ ಚೆಲ್ಲಿತು. "ಅಣ್ಣಾ!" ಎಂದು ಕೂಗಿದೆ. ನೀರಿನ ಆರ್ಭಟದಲ್ಲಿ ಕೇಳಿಸಲಿಲ್ಲ. "ಅಣ್ಣಾ! ಏ ಅಣ್ಣಾ! ನಾನು ಕಣೋ!" ಹಿಂದಿನಿಂದ ಹೋಗಿ ಅವನ ಭುಜ ಹಿಡಿದೆ.

ಅವನು ತಿರುಗಿದ. ಬೇರೆ ಮೂಗು, ಬೇರೆ ಬಾಯಿ. ಬೇರೆ ಯಾರೋ.

ಅವನು ತನ್ನ ಭಾಷೆಯಲ್ಲಿ ಏನೋ ಕೇಳಿದ. ನನಗೆ ಕೈ ಬಿಡಲು ಆಗಲಿಲ್ಲ. ಅವನಲ್ಲ ಎಂದು ಗೊತ್ತಿದ್ದೂ ಮತ್ತೊಮ್ಮೆ "ಅಣ್ಣಾ" ಎಂದೆ. ಪಾಪ, ಒಳ್ಳೆಯವನು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯನ್ನು ನನ್ನ ಎದೆಗೆ ಒರಗಿಸಿ ಇಟ್ಟು, ಮೆಟ್ಟಿಲಿಳಿದು ಹೋದ. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತೆ. ಅಳು ಬಂತು. ಸಣ್ಣ ಅಳುವಲ್ಲ. ಸುದ್ದಿ ಬಂದ ದಿನ ಬರದೆ ಉಳಿದದ್ದೆಲ್ಲ ಬಂತು. ಫೋಟೋ ತೆಗೆಯುವವರು ಕ್ಯಾಮೆರಾ ಇಳಿಸಿ ನೋಡಿದರು.

ನನ್ನ ಹೆಂಡತಿ ಮಂಡಿ ಹಿಡಿದುಕೊಂಡು ಓಡುತ್ತ ಬಂದಳು. ಪಕ್ಕದಲ್ಲಿ ಕೂತು ನನ್ನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು.

"ಅವರಲ್ಲ ಕಣೋ."

"ಬೆನ್ನು ಅವನದ್ದೇ. ಇಲ್ಲೇ ಎಲ್ಲೋ ಇದಾನೆ. ಇನ್ನೊಂದು ಸಲ ನೋಡೋಣ. ಆ ಕಡೆ ನೋಡಿಲ್ಲ ನಾವು. ಬಸ್ ಹೋದ್ರೆ ಹೋಗ್ಲಿ. ನಾನೊಂದು ಕಡೆ, ನೀನೊಂದು ಕಡೆ..."

"ಸುಮ್ನಿರು."

"ಹಸ್ಕೊಂಡಿರ್ತಾನೆ..."

"ಸುಮ್ನಿರೋ." ಅವಳು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಿಡಿದುಕೊಂಡು ನೋಡಿದಳು. ಏನು ಹೇಳಲು ಹೊರಟಿದ್ದಾಳೆಂದು ನನಗೆ ತಿಳಿಯಿತು.

"ಅವರು ಸತ್ತುಹೋದ್ರು ಕಣೋ. ಆವತ್ತೇ, ಆ ನೀರಲ್ಲೇ ಸತ್ತುಹೋದ್ರು. ಇಲ್ಲ ಅವರು. ಏಳು."

ಹಾಗನ್ನಬೇಡ ಎಂದು ಅವಳ ಬಾಯಿಗೆ ಅಡ್ಡ ಹಿಡಿಯಲು ನಾನು ಕೈ ಎತ್ತಿದೆ. ಅಷ್ಟರಲ್ಲಿ ಅವಳು ಹೇಳಿ ಮುಗಿಸಿದ್ದಳು.